ಮೂಗಿನ ಮೇಲಿನ ಚಮಚ

ಕಲಕುತ್ತಲೇ ಇದ್ದಾನೆ, ಸಕ್ಕರೆ ಕರಗಿ ಯಾವ ಕಾಲವಾಯಿತೋ, ಇನ್ನೂ ಟಿಣ್ ಟಿಣ್ ಎಂದು ಚಮಚವನ್ನು ಬಟ್ಟಲಿಗೆ ಬಡಿಯುತ್ತಾ ಕೂತಿದ್ದಾನೆ ನಮ್ಮ ಚೀಫ್ ಟ್ರಾಟ್, ಕಾಲೇಜಿನ ಚರ್ಚಿನ ಮೊದಲ ಬೆಂಚಿನಲ್ಲಿ, ಕಾಲು ಅಗಲಿಸಿಕೊಂಡು, ಬೆಂಚನ್ನು ಅವನ ತಾತನೇ ಮಾಡಿಸಿಕೊಟ್ಟ ಹಾಗೆ — ನಿನ್ನೆ ಮೊನ್ನೆ ಬಂದವನು, ಬಂದಾಗಿನಿಂದ ಒಂದೇ ಜಪ, ಕ್ಯಾಂಪಸ್ ಪೊಲೀಸರ ಸೊಂಟಕ್ಕೆ ಗನ್ನು ಬೇಕು, ಗನ್ನಿಲ್ಲ ಅಂದ್ರೆ ನಾವು ಪೊಲೀಸರಲ್ಲ ಕಣ್ರೋ, ಯೂನಿಫಾರ್ಮ್ ಹಾಕ್ಕೊಂಡಿರೋ ವಾಚ್‌ಮನ್‌ಗಳು, ವಾಚ್‌ಮನ್ ಆದರೆ ಏನಪ್ಪಾ ಅವಮಾನ, ಓಹಾಯೋದ ಜೋಳದ ಹೊಲಗಳ ನಡುವೆ ಕೂತಿರುವ ಈ ಪುಟ್ಟ ಕಾಲೇಜಿನಲ್ಲಿ ನಡೆಯುವ ಅಪರಾಧಗಳಾದರೂ ಎಂಥವು, ಸ್ನಾನಕ್ಕೆ ಹೋದ ಹುಡುಗ ಟವೆಲು ಸುತ್ತಿಕೊಂಡು ಬಾಗಿಲ ಮುಂದೆ ನಿಂತಿರುತ್ತಾನೆ, ಬೀಗದ ಕೈ ಒಳಗೆ, ಪಾಪ್‌ಕಾರ್ನ್ ಸುಟ್ಟು ಹಾಸ್ಟೆಲಿನ ಬೆಂಕಿ ಗಂಟೆ ಹೊಡೆದುಕೊಳ್ಳುತ್ತದೆ, ಕೊಳದ ಕಾಡುಬಾತು ಅಧ್ಯಕ್ಷರ ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಬಾತಿಗೆ ಗುಂಡು ಹೊಡೆಯುತ್ತಾನಾ ಟ್ರಾಟ್, ಹೊಡೆದಾನು, ಹೊಡೆದು ಅದರ ಪಕ್ಕ ನಿಂತು ಫೋಟೋನೂ ತೆಗೆಸಿಕೊಂಡಾನು. ಇವತ್ತು ಹೊಸ ಬೂಟು ಬೇರೆ. ನನ್ನ ಮಂಡಿ ನೋಯುತ್ತಿದೆ, ಈ ಬೆಂಚುಗಳನ್ನು ಮಾಡಿದವರಿಗೆ ಮಂಡಿಗಳೇ ಇರಲಿಲ್ಲವೋ ಏನೋ, ಈ ಗನ್ನಿನ ಸಭೆ ಶುರುವಾದಾಗ ಕಿಟಕಿಯ ಬಣ್ಣದ ಗಾಜಿನ ಬಿಸಿಲು ನನ್ನ ಕಾಲ ಮೇಲೆ ಬಿದ್ದಿತ್ತು, ಈಗ ಅದು ಪಕ್ಕದಲ್ಲಿ ಕೂತ, ನನ್ನ ಜೊತೆ ಡ್ಯೂಟಿ ಮಾಡುವ ವೆಂಡಲನ ಕಾಲ ಮೇಲೆ ಹೋಗಿದೆ, ಅವನ ಕಾಲು ನಡುಗುತ್ತಿದೆ. ನಡುಗಲಿ.

ಮೈಕಿನ ಮುಂದೆ ಪ್ರೊಫೆಸರ್ ಬ್ರಿಗ್ಸ್, ಏಪ್ರಿಲ್ ಬಂದರೂ ಕುತ್ತಿಗೆಗೆ ಉಣ್ಣೆಯ ಮಫ್ಲರು, ನಾನು ಕೇಳೋದಿಷ್ಟೇ, ಗನ್ನು ಅಂದ್ರೆ ಒಂದು ವಸ್ತುವಾ, ಅಥವಾ ಮನುಷ್ಯರ ನಡುವಿನ ಒಂದು ಸಂಬಂಧವಾ, ಆಹಾ, ಹಿಂದಿನ ಸಾಲಿನ ಹುಡುಗಿಯರು ತಲೆ ಆಡಿಸುತ್ತಾರೆ, ಸಂಬಂಧವಂತೆ, ಅತ್ತೆ ಸೊಸೆ ಸಂಬಂಧವಾ ಬ್ರಿಗ್ಸ್ ಸಾಹೇಬರೇ, ಹೋದ ಚಳಿಗಾಲ ನಿಮ್ಮ ಕೋಣೆಗೆ ಬಾವಲಿ ನುಗ್ಗಿದಾಗ ಮೇಜಿನ ಕೆಳಗೆ ಕೂತು ಫೋನು ಮಾಡಿದ್ದಿರಿ, ಬೇಗ ಬನ್ನಿ ಆಫೀಸರ್, ಅದು ನನ್ನನ್ನೇ ನೋಡ್ತಿದೆ, ಆಗ ಯಾವ ಸಂಬಂಧವೂ ನೆನಪಾಗಲಿಲ್ಲವಲ್ಲ, ಕಸದ ಬುಟ್ಟಿಯಲ್ಲಿ ಬಾವಲಿಯನ್ನು ಹಿಡಿದು ಹೊರಗೆ ಬಿಟ್ಟವಳು ನಾನು. ಇವರೆಲ್ಲ ಮಾತಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ, ಇವರಲ್ಲಿ ಒಬ್ಬರೂ ಜೆರಾಕ್ಸ್ ಯಂತ್ರದ ಹಿಂದೆ ಬಗ್ಗಿ ಕೂತವರಲ್ಲ. ನಾನು ಕೂತಿದ್ದೇನೆ. ಲೆಕ್ಕಪತ್ರದ ಆಫೀಸಿನ ಹೆಂಗಸೊಬ್ಬಳ ಹಳೇ ಗಂಡ, ವಿಚ್ಛೇದನವಾದವನು, ಬೇಟೆಯ ಕೋಟು ಹಾಕಿಕೊಂಡು ಬಂದಿದ್ದ, ಕೈಯಲ್ಲಿ ನಿಜವಾದ ಪಿಸ್ತೂಲು, ಎಲ್ಲಿ ಅವಳು, ಕರೀರಿ ಅವಳನ್ನ, ಒಂದು ಮಾತಾಡ್ಬೇಕು ಅಷ್ಟೇ, ಮಾತಾಡಲು ಪಿಸ್ತೂಲು, ನನ್ನ ಕೈಯಲ್ಲಿ ಏನಿತ್ತು, ಬ್ಯಾಟರಿ, ಬ್ಯಾಟರಿ ಅಂದರೆ ದೀಪ, ಹಗಲು ಹೊತ್ತಿನಲ್ಲಿ ದೀಪ ಹಿಡಿದುಕೊಂಡು ಕೂತಿದ್ದೆ, ಜೆರಾಕ್ಸ್ ಯಂತ್ರ ಬೆಚ್ಚಗಿತ್ತು, ಅದರ ವಾಸನೆ ಈಗಲೂ ಮೂಗಿಗೆ ಬರುತ್ತದೆ, ಊರಿನ ಪೊಲೀಸರು ಬಂದೆವು ಬಂದೆವು ಎಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು, ಆ ಮನುಷ್ಯ ಕೊನೆಗೆ ಕುರ್ಚಿಯ ಮೇಲೆ ಕೂತು ಗೊಳೋ ಎಂದು ಅತ್ತು ತಾನೇ ಎದ್ದು ಹೋದ. ಆವತ್ತು ನನಗೆ ಗನ್ನು ಬೇಕು ಅನ್ನಿಸಿತ್ತು, ಬಾಯಾರಿದವರಿಗೆ ನೀರು ಬೇಕು ಅನ್ನಿಸುವಷ್ಟು. ಅದಕ್ಕೇ ಈ ಸಭೆ ಗೊತ್ತಾದಾಗಲೇ ಟ್ರಾಟ್‌ಗೆ ಮಾತು ಕೊಟ್ಟಿದ್ದೆ, ನಾನೂ ಎದ್ದು ನಿಂತು ಬೇಕು ಅಂತೀನಿ ಚೀಫ್ ಎಂದು. ಅದು ಹೋದ ತಿಂಗಳ ಮಾತು. ಮಂಗಳವಾರಕ್ಕಿಂತ ಮುಂಚಿನ ಮಾತು.

ಈಗ ಡೀನಮ್ಮ ಎದ್ದಳು, ಪ್ರಿಸಿಲ್ಲಾ ಲೋರಿಂಗ್, ಯಾರ ಮನಸ್ಸನ್ನೂ ನೋಯಿಸದೆ ಎಲ್ಲರನ್ನೂ ಹಾಳು ಮಾಡುವ ಕಲೆ ಇವಳಿಗೆ ಹುಟ್ಟಿನಿಂದ ಬಂದದ್ದು, ನೋಡಿ, ಎರಡೂ ಕಡೆಯವರ ಮಾತು ಕೇಳಿದೀವಿ, ಎಲ್ಲರಿಗೂ ಗನ್ನು ಕೊಡೋದು ಬೇಡ, ಯಾರಿಗೂ ಕೊಡದೆ ಇರೋದೂ ಬೇಡ, ಒಬ್ಬರಿಗೆ ಕೊಟ್ಟು ನೋಡೋಣ, ಒಂದು ವರ್ಷ, ನಾವೆಲ್ಲ ನಂಬುವಂಥ ಒಬ್ಬರಿಗೆ — ಹೆಸರು ಹೇಳುವ ಮೊದಲೇ ಚಪ್ಪಾಳೆ, ಹುಡುಗರು ಕಾಲಲ್ಲಿ ನೆಲ ಬಡಿಯುತ್ತಾರೆ, ವೆಂಡಲ್, ವೆಂಡಲ್, ಮೊನ್ನೆಯವರೆಗೂ ಗನ್ನೆಂದರೆ ಉರಿದು ಬೀಳುತ್ತಿದ್ದ ಬ್ರಿಗ್ಸ್ ಕೂಡ ಮಫ್ಲರು ಸರಿಮಾಡಿಕೊಂಡು, ವೆಂಡಲ್ ಆದ್ರೆ ನನ್ನದೇನೂ ಅಡ್ಡಿ ಇಲ್ಲ, ನೋಡಿದೆಯಾ, ಸಂಬಂಧ ಕುದುರಿತು. ವೆಂಡಲ್ ಹಾಪ್, ನನ್ನ ಪಕ್ಕದಲ್ಲಿ ಕೂತಿರುವ ಈ ದೊಡ್ಡ ಮೈಯ ಮನುಷ್ಯ, ಎಲ್ಲರಿಗೂ ಬೇಕಾದವನು, ಹುಡುಗರು ಇವನ ಮುಖ ಅಚ್ಚು ಹಾಕಿಸಿದ ಅಂಗಿ ತೊಟ್ಟು ಓಡಾಡುತ್ತಾರೆ, ಇಲ್ಲಿಗೆ ಬರುವ ಮೊದಲು ಜಿಲ್ಲೆಯ ಶೆರಿಫ್ ಆಫೀಸಿನಲ್ಲಿ ವರ್ಷಗಟ್ಟಲೆ ಪೊಲೀಸನಾಗಿದ್ದ, ಅಷ್ಟು ವರ್ಷ ಗನ್ನಿಟ್ಟುಕೊಂಡಿದ್ದರೂ ಯಾರ ಮೇಲೂ ಗುಂಡು ಹಾರಿಸಿಲ್ಲ, ಆ ಕೆಲಸ ಬಿಟ್ಟ ಮೇಲೆ ಬಲ ಸೊಂಟ ಖಾಲಿ ಖಾಲಿ ಅನ್ನಿಸ್ತು ರೋ, ಅದಕ್ಕೆ ಈ ಚೀಲ ಕಟ್ಕೊಂಡೆ ಎಂದು ನನಗೆ ತೋರಿಸಿದ್ದ, ರೋವೀನಾ ಅನ್ನುವ ನನ್ನನ್ನು ಅವನು ರೋ ಅಂತಲೇ ಕರೆಯುವುದು, ಚರ್ಮದ ಪುಟ್ಟ ಚೀಲ, ಮೇಲೊಂದು ಮುಚ್ಚಳ, ಒಳಗೆ ನಾಯಿಗಳಿಗೆ ಹಾಕುವ ಬಿಸ್ಕತ್ತು. ಊರಿನ ನಾಯಿಗಳೆಲ್ಲ ಇವನನ್ನು ಕಂಡರೆ ಬಾಲ ಅಲ್ಲಾಡಿಸುತ್ತವೆ. ಪ್ರೊಫೆಸರುಗಳೂ ಅಷ್ಟೇ. ನನ್ನ ಮಂಡಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕರೆತಂದವನು ಇವನೇ, ಇವನ ಹೆಂಡತಿ ಐರಿಸ್ ವಾರವಾರವೂ ಹುಳಿ ಹುಳಿಯಾದ ರೂಬಾರ್ಬ್ ದಂಟಿನ ಪೈ ಮಾಡಿ ಕಳಿಸುತ್ತಿದ್ದಳು, ಈಗಲೂ ಕಳಿಸುತ್ತಾಳೆ, ತಿಂದೆ, ಚಪ್ಪರಿಸಿಕೊಂಡು ತಿಂದೆ, ಮಂಗಳವಾರದಿಂದ ಅದೇ ಪೈಯ ಒಂದು ತುಂಡು ನನ್ನ ಫ್ರಿಜ್ಜಿನಲ್ಲಿ ಹಾಗೇ ಕೂತಿದೆ.

ಚಮಚದ ಆಟ, ಥೂ, ಅದನ್ನೂ ತಂದಿದ್ದು ಈ ಟ್ರಾಟೇ. ವಸಂತ ಬಂತೆಂದರೆ ಇಲ್ಲಿ ಹುಡುಗರಿಗೆ ಒಂದು ವಾರ ಕೊಲೆಯ ಆಟ, ಮೊದಲೆಲ್ಲ ಸ್ಪಂಜಿನ ಗುಂಡು ಹಾರಿಸುವ ಆಟಿಕೆ ಗನ್ನು ಹಿಡಿದು ಒಬ್ಬರನ್ನೊಬ್ಬರು ಬೇಟೆಯಾಡುತ್ತಿದ್ದರು, ಹಳದಿ ನೀಲಿ ಬಣ್ಣದ ಗನ್ನುಗಳು, ಟ್ರಾಟ್ ಬಂದವನೇ ನಿಲ್ಲಿಸಿದ, ಯಾರಾದ್ರೂ ಅದನ್ನ ನಿಜವಾದ ಗನ್ನು ಅಂದ್ಕೊಂಡ್ಬಿಟ್ರೆ, ಏನು ಬುದ್ಧಿವಂತಿಕೆ, ಒಂದು ಕೈಯಲ್ಲಿ ಆಟಿಕೆ ಕಿತ್ತುಕೊಂಡ, ಇನ್ನೊಂದು ಕೈಯಲ್ಲಿ ಅಸಲಿಯನ್ನು ತರುತ್ತಿದ್ದಾನೆ. ಹುಡುಗರು ಬಿಟ್ಟಾರೆಯೇ, ಮೆಸ್ಸಿನಿಂದ ಚಮಚ ಎತ್ತಿಕೊಂಡು ಬಂದರು, ಈಗ ಚಮಚವೇ ಆಯುಧ, ನಿನ್ನ ಪಾಲಿಗೆ ಬಂದವನನ್ನು ಚಮಚದಲ್ಲಿ ಮುಟ್ಟಿದರೆ ಅವನು ಸತ್ತ, ಆದರೆ ಅವನು ತನ್ನ ಚಮಚವನ್ನು ಮೂಗಿನ ಮೇಲೆ ಇಟ್ಟುಕೊಂಡಿದ್ದರೆ ಮುಟ್ಟುವ ಹಾಗಿಲ್ಲ, ಮೂಗಿನ ಮೇಲೆ ಚಮಚ ಇರುವವರೆಗೆ ಅವನಿಗೆ ಸಾವಿಲ್ಲ, ಅದು ನಿಯಮ, ಹಾಗಾಗಿ ಈ ವಾರ ನೋಡಬೇಕು, ತರಗತಿಗೆ ಹೋಗುವವರು, ಸೈಕಲ್ ತುಳಿಯುವವರು, ಪಾಯಿಖಾನೆಗೆ ಕಾಯುತ್ತ ನಿಂತವರು, ಎಲ್ಲರ ಮೂಗಿಗೂ ಚಮಚ, ಅಪ್ಪ ಅಮ್ಮ ಮನೆ ಅಡವಿಟ್ಟು ಓದಿಸುತ್ತಿರುವುದು ಇದಕ್ಕೆ. ಮಂಗಳವಾರ ಬೆಳಿಗ್ಗೆ ಮಂಜು, ಹಾಲಿನಂಥ ಮಂಜು, ನಾನೂ ವೆಂಡಲನೂ ಕೊಳದ ದಾರಿಯಲ್ಲಿ ಕಟ್ಟಡಗಳ ಬಾಗಿಲು ತೆಗೆಯುತ್ತಾ ನಡೆಯುತ್ತಿದ್ದೆವು, ಪೊದೆಯಿಂದ ಧಡಕ್ಕನೆ ಒಬ್ಬಳು ಹಾರಿದಳು, ಹೊಂಬಣ್ಣದ ಜುಟ್ಟಿನ ಬಿಳಿ ಹುಡುಗಿ, ಕೈಯಲ್ಲಿ ಚಮಚವೂ ಅಲ್ಲ, ಸಾರು ಬಡಿಸುವ ಉದ್ದ ಹಿಡಿಯ ಸೌಟು, ನೇರ ನಮ್ಮ ಮುಖಕ್ಕೇ ಬೀಸಿ ಬಂದಳು, ಅಯ್ಯೋ ಸಾರಿ ಸಾರಿ ನಮ್ಮ ರೂಮ್‌ಮೇಟ್ ಅಂದ್ಕೊಂಡೆ, ವೆಂಡಲ್ ಹೊಟ್ಟೆ ಕುಲುಕಿಸಿ ನಕ್ಕ, ಸೆಲ್ಯೂಟು ಹೊಡೆದ, ನಮ್ಮನ್ನ ಸಾಯಿಸಿದ್ರೆ ನಿಮ್ಮ ಬಾಗ್ಲು ತೆಗೆಯೋರ್ಯಾರಮ್ಮಾ ಅಂದ. ಅವನ ಕೈ ಸೊಂಟದ ಹತ್ತಿರಕ್ಕೂ ಹೋಗಲಿಲ್ಲ. ನಾನೂ ನಕ್ಕೆ.

ಅಲ್ಲಿಂದ ಲೈಬ್ರರಿಯ ಹಿಂದಿನ ಮೆಟ್ಟಿಲ ಹತ್ತಿರ ಬಂದಿದ್ದೇವೆ, ನಾನು ಬೀಗದ ಕೈ ಹುಡುಕುತ್ತಿದ್ದೇನೆ, ಮಂಜಿನಲ್ಲಿ ಒಂದು ಆಕಾರ, ಎತ್ತರದ ಹುಡುಗ, ತಲೆಯ ಮೇಲೆ ಟೊಪ್ಪಿಗೆ ಎಳೆದುಕೊಂಡಿದ್ದಾನೆ, ಕಪ್ಪು ಹುಡುಗ, ಕೈಯಲ್ಲಿ ಏನೋ ಮಿಂಚಿತು, ದಾರಿದೀಪ ಇನ್ನೂ ಆರಿರಲಿಲ್ಲ, ಅದರ ಬೆಳಕಿಗೆ ಫಳಕ್ಕೆಂದಿತು, ಅಷ್ಟೇ, ಅವನು ಬೀಸಲಿಲ್ಲ, ಹಾರಲಿಲ್ಲ, ಸುಮ್ಮನೆ ತಿಂಡಿಗೆ ನಡೆದುಕೊಂಡು ಹೋಗುತ್ತಿದ್ದ — ಪಕ್ಕದಲ್ಲಿ ಟಪ್ ಎಂಬ ಸದ್ದು, ಚೀಲದ ಮುಚ್ಚಳದ ಗುಂಡಿ ಕಿತ್ತ ಸದ್ದು, ತಿರುಗಿ ನೋಡಿದೆ, ವೆಂಡಲ್ ಕಾಲು ಅಗಲಿಸಿ ನಿಂತಿದ್ದಾನೆ, ಮಂಡಿ ಸ್ವಲ್ಪ ಬಗ್ಗಿದೆ, ಬಲಗೈ ಚೀಲದಿಂದ ಮೇಲೆ ಬಂದಿದೆ, ಎಡಗೈ ಅದಕ್ಕೆ ಆಸರೆ ಕೊಟ್ಟಿದೆ, ಎರಡೂ ಕೈ ನೇರ ಆ ಹುಡುಗನ ಎದೆಗೆ, ಮುಷ್ಟಿಯಿಂದ ಬಿಸ್ಕತ್ತಿನ ಪುಡಿ ಹುಲ್ಲಿನ ಮೇಲೆ ಉದುರುತ್ತಿದೆ, ಮತ್ತೆ ಆ ಬೆರಳು, ತೋರುಬೆರಳು, ಗಾಳಿಯಲ್ಲಿ ಇಲ್ಲದ ಗನ್ನಿನ ಕುದುರೆಯನ್ನು ಎಳೆಯಿತು. ಎಳೆಯಿತು, ನಾನು ನೋಡಿದೆ. ಒಂದು ಸಲ ಅಲ್ಲ, ಎರಡು ಸಲ. ನಿಲ್ಲು ಅನ್ನಲಿಲ್ಲ, ಕೈ ತೋರಿಸು ಅನ್ನಲಿಲ್ಲ, ಆ ಮುಖವನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ, ಅಲ್ಲಿ ಯಾರೂ ಇರಲಿಲ್ಲ, ಮನೆ ಖಾಲಿ ಮಾಡಿಕೊಂಡು ಹೋದ ಹಾಗಿತ್ತು. ಹುಡುಗನೂ ನಿಂತ, ನಮ್ಮನ್ನು ನೋಡಿದ, ಕೈಯಲ್ಲಿದ್ದ ಚಮಚ ಎತ್ತಿ ಮೂಗಿನ ಮೇಲೆ ಇಟ್ಟುಕೊಂಡ. ಮೂಗಿನ ಮೇಲೆ ಚಮಚವಿದ್ದರೆ ಸಾವಿಲ್ಲ. ತಡವಾಗಿತ್ತು, ಬೆರಳು ಆಗಲೇ ಬಗ್ಗಿಯಾಗಿತ್ತು, ಹುಡುಗ ಹಲ್ಲು ಕಿಸಿದ, ಅಯ್ಯೋ ಮೋಸ, ಮೋಸ ಎಂದು ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಧೊಪ್ಪನೆ ಬಿದ್ದ, ನಾಟಕದವರ ಹಾಗೆ ಕಾಲು ಒದರಿದ, ಆಮೇಲೆ, ಆಮೇಲೆ ವೆಂಡಲನ ಮುಖಕ್ಕೆ ವೆಂಡಲ್ ವಾಪಸು ಬಂದ, ಢಂ ಅಂದ. ಢಂ ಕೊನೆಗೆ ಬಂತು. ಅರೇ ಡೆಸ್ಮಂಡ್, ನೀನೇನೋ ಮರಿ, ಏಳೋ ಏಳು, ಒದ್ದೆ ಆಗ್ತೀಯ ಎಂದು ಕೈ ಕೊಟ್ಟು ಎಬ್ಬಿಸಿದ, ಹುಡುಗನ ಬೆನ್ನಿಗಂಟಿದ ಹುಲ್ಲು ಕೊಡವಿದ, ಡೆಸ್ಮಂಡ್ ಏಕರ್ಸ್, ಕಾಲೇಜಿನ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವನು, ವೆಂಡಲನಿಗೆ ಇಲ್ಲಿನ ಒಂದೊಂದು ಹುಡುಗನ ಹೆಸರೂ ಗೊತ್ತು. ಹೆಸರು ಗೊತ್ತಿದ್ದು ಏನು ಬಂತು.

ಕಾರಿನಲ್ಲಿ ಕೂತ ಮೇಲೆ ಗಾಜು ಒರೆಸಿದ, ಮತ್ತೆ ಒರೆಸಿದ, ನೋಡಿದ್ಯಲ್ಲ ರೋ, ಹುಡುಗ ಹೆಂಗೆ ಬಿದ್ದ, ಒಳ್ಳೇ ತಮಾಷೆ ಅಲ್ವಾ, ನಾನು ಹೂಂ ಅಂದೆ, ತಮಾಷೆ ಮಾಡ್ದೆ ಅಷ್ಟೆ, ಹೂಂ, ಐರಿಸ್‌ಗೆ ಹೇಳ್ಬೇಕು ಇದನ್ನ, ಹೇಳು. ಹೂಂ ಅಂದೆ, ಥೂ ನನ್ನ ಬಾಯಿಗೆ, ಇಡೀ ಕ್ಯಾಂಪಸ್ಸನ್ನು ಬೈಯುವ ಈ ನಾಲಿಗೆ ಅಲ್ಲಿ ಮುದುರಿಕೊಂಡಿತು, ಏಕೆಂದರೆ ಮಂಡಿ, ಏಕೆಂದರೆ ಪೈ, ಏಕೆಂದರೆ ಒಳ್ಳೆಯವನು, ಒಳ್ಳೆಯವನೇ, ಅದೇ ತಾನೇ ತೊಡಕು, ಟ್ರಾಟ್‌ನಂಥ ಹೊಲಸು ಆಗಿದ್ದರೆ ಆ ಕ್ಷಣವೇ ಕೂಗಾಡುತ್ತಿದ್ದೆ. ಮಂಜಿತ್ತು, ಯಾರಿಗಾದರೂ ಹಾಗೆ ಆಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ, ಸೌಟಿನ ಹುಡುಗಿ ಬಂದಾಗಲೂ ಅದೇ ಮಂಜಿತ್ತಲ್ಲ, ಆಗ ಮಾತ್ರ ಕಣ್ಣು ಕಾಣಿಸಿತಾ. ಅಷ್ಟು ವರ್ಷದ ತರಬೇತಿ, ಕೈ ತಾನೇ ಹೋಗುತ್ತದೆ ಎಂದೂ ಹೇಳಿಕೊಂಡೆ, ಹಾಗಾದರೆ ಸೆಲ್ಯೂಟು ಹೊಡೆದದ್ದು ಯಾವ ಕೈ. ಹೀಗೆ ನಾನೇ ಪ್ರಶ್ನೆ ನಾನೇ ಉತ್ತರ, ಬಟ್ಟೆ ಒಗೆಯುವಾಗ, ಹಲ್ಲುಜ್ಜುವಾಗ, ಕನ್ನಡಿಯಲ್ಲಿ ನನ್ನ ಬಲಗೈ ನೋಡಿಕೊಂಡೆ, ಬೆರಳು ಬಗ್ಗಿಸಿ ನೋಡಿದೆ, ನಾನಾಗಿದ್ದರೆ, ಜೆರಾಕ್ಸ್ ಯಂತ್ರದ ಹಿಂದೆ ಅಷ್ಟು ಬಾಯಾರಿದವಳು ನಾನು, ಕೊಟ್ಟಿದ್ದರೆ ಕುಡಿಯುತ್ತಿರಲಿಲ್ಲವೇ, ಗೊತ್ತಿಲ್ಲ, ಗೊತ್ತಿಲ್ಲದ್ದೇ ಸಾಕು. ಚಮಚ ಮೂಗಿನ ಮೇಲೆ, ಹಲ್ಲು ಕಾಣುವ ಹಾಗೆ ನಗು, ಬೆರಳು. ಬ್ರಷ್ಷು ಬಾಯಲ್ಲೇ ಇತ್ತು.

ಯಾರದು ಮೈಕಿನ ಹತ್ತಿರ, ಬೇಡ, ನೀನು ಬೇಡ ಕಣೋ, ಡೆಸ್ಮಂಡ್ ಏಕರ್ಸ್ ಬಂದು ನಿಂತಿದ್ದಾನೆ, ಚಮಚ ಕೈಯಲ್ಲೇ ಇದೆ, ಆಟ ಮುಗಿಯುವುದು ಭಾನುವಾರ, ಹಾಯ್, ನಾನು ಡೆಸ್ಮಂಡ್, ನನಗೆ ಗನ್ನು ಅಂದ್ರೆ ಇಷ್ಟ ಇಲ್ಲ, ನಮ್ಮಮ್ಮಂಗಂತೂ ಪೊಲೀಸ್ ಕಾರು ಕಂಡ್ರೇ ಆಗಲ್ಲ, ನಾನು ಮನೆ ಬಿಡೋವಾಗ ಹೇಳಿ ಕಳ್ಸಿದ್ರು, ಜೇಬಿಗೆ ಕೈ ಹಾಕ್ಬೇಡ, ಓಡ್ಬೇಡ, ತಿರುಗಿ ಮಾತಾಡ್ಬೇಡ ಅಂತ, ಆದ್ರೆ ಆಫೀಸರ್ ವೆಂಡಲ್ ಬೇರೆ ಥರ, ಮಂಗಳವಾರ ಏನಾಯ್ತು ಗೊತ್ತಾ, ಅವರು ನಮ್ಮ ಆಟಕ್ಕೇ ಸೇರ್ಕೊಂಡ್ಬಿಟ್ರು, ಹಿಂಗೆ ನಿಂತು — ತೋರಿಸುತ್ತಿದ್ದಾನೆ, ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಎರಡು ಕೈ ಜೋಡಿಸಿ, ಎಷ್ಟು ಸರಿಯಾಗಿ ನೆನಪಿಟ್ಟುಕೊಂಡಿದ್ದಾನೆ — ಢಂ ಅಂದ್ರು, ನಾನು ಸತ್ತೆ! ಇಡೀ ಚರ್ಚು ಗೊಳ್ಳೆಂದು ನಗುತ್ತದೆ, ಬ್ರಿಗ್ಸ್ ಕಣ್ಣೊರೆಸಿಕೊಳ್ಳುತ್ತಾನೆ, ಡೀನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕರಗುತ್ತಾಳೆ, ನಾನು ಚಮಚ ಮೂಗಿಗೆ ಇಟ್ಕೊಂಡಿದ್ದೆ, ಆದ್ರೂ ಹೊಡೆದ್ರು, ಮೋಸ, ಮತ್ತೆ ನಗು, ಗನ್ನು ಕೊಡ್ಲೇಬೇಕು ಅಂದ್ರೆ ಇಂಥೋರಿಗೆ ಕೊಡಿ, ಅಷ್ಟೇ ನಾನು ಹೇಳೋದು. ಚಪ್ಪಾಳೆ, ಕಾಲು ಬಡಿತ, ಟ್ರಾಟ್ ತಿರುಗಿ ವೆಂಡಲನಿಗೆ ಕಣ್ಣು ಹೊಡೆಯುತ್ತಾನೆ, ನಗಿ, ಎಲ್ಲರೂ ನಗಿ, ಹುಡುಗ ತನ್ನ ಸಾವನ್ನು ತಾನೇ ಮಾಡಿ ತೋರಿಸುತ್ತಿದ್ದಾನೆ, ಇಂಥ ಮನರಂಜನೆ ಇನ್ನೆಲ್ಲಿ ಸಿಕ್ಕೀತು, ಓದಿದ ಜನ, ದಪ್ಪ ದಪ್ಪ ಕನ್ನಡಕ, ಒಬ್ಬರಿಗೂ ಕಾಣುವುದಿಲ್ಲ. ವೆಂಡಲ್ ನಗುತ್ತಿಲ್ಲ. ಅವನ ಬಲಗೈ ಬಿಸ್ಕತ್ತಿನ ಚೀಲದ ಮೇಲಿದೆ, ಎಡಗೈ ಅದನ್ನು ಅದುಮಿ ಹಿಡಿದುಕೊಂಡಿದೆ, ರೋ ಎಂದ, ನನಗೊಬ್ಬಳಿಗೇ ಕೇಳುವ ಹಾಗೆ, ರೋ, ನಾನು ಬೇಡ ಅಂತೀನಿ, ಮೈ ಸರಿಯಿಲ್ಲ ಅಂತೀನಿ, ನೀನೇನೂ ಹೇಳ್ಬೇಡ, ಮುಂದಿನ ಬೇಸಿಗೆಗೆ ರಿಟೈರ್ ಆಗ್ತೀನಿ, ಅಲ್ಲೀವರೆಗೂ ನನ್ನನ್ನ ಹೀಗೇ ಇರೋಕೆ ಬಿಡು. ಹೀಗೇ ಅಂದರೆ, ಅಂಗಿಯ ಮೇಲಿನ ಆ ನಗುಮುಖವಾಗಿ. ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆ ಬಂತು. ನೀನು ಬೇಡ ಅಂದರೆ ಇನ್ನೊಬ್ಬನಿಗೆ ಕೊಡುತ್ತಾರೆ ಮಹಾರಾಯ, ನಿನ್ನಷ್ಟು ಒಳ್ಳೆಯವನೂ ಅಲ್ಲದವನಿಗೆ, ಟ್ರಾಟ್ ತನಗೇ ಕಟ್ಟಿಕೊಳ್ಳುತ್ತಾನೆ, ಆ ಹೊಸ ಬೂಟಿಗೆ ಜೋಡಿಯಾಗಿ.

ಆಫೀಸರ್ ಕಾಲ್ಬ್, ರೋವೀನಾ, ಡೀನಮ್ಮ ಕರೆಯುತ್ತಿದ್ದಾಳೆ, ನೀವು ಇಷ್ಟು ವರ್ಷ ವೆಂಡಲ್ ಜೊತೆ ಕೆಲಸ ಮಾಡಿದೀರಿ, ನಿಮ್ಮದೊಂದು ಮಾತು ಕೇಳ್ಬಿಟ್ಟು ಮುಗಿಸೋಣ, ಮುಗಿಸೋಣವಂತೆ, ಹೊರಗೆ ಕುಕ್ಕೀಸು ಕಾಯುತ್ತಿವೆ, ಟ್ರಾಟ್ ಬಟ್ಟಲಲ್ಲಿ ಚಮಚ ಹಾಕಿ ಮತ್ತೆ ಟಿಣ್, ಹೇಳು ಹೇಳು ಎಂದು ಹುಬ್ಬು ಎತ್ತುತ್ತಾನೆ, ಎದ್ದೆ, ಮಂಡಿ ಕಟಕ್ ಅಂದಿತು, ವೆಂಡಲ್ ಸಹಾಯಕ್ಕೆ ಕೈ ಚಾಚಿದ, ಅಭ್ಯಾಸ ನೋಡು, ಅದೇ ಬಲಗೈ, ಅದನ್ನೇ ಹಿಡಿದುಕೊಂಡು ಎದ್ದೆ, ಬೆವೆತಿತ್ತು, ಬಿಸ್ಕತ್ತಿನ ಪುಡಿ ನನ್ನ ಅಂಗೈಗೆ ಅಂಟಿತು. ಮೈಕಿನ ಪಕ್ಕದಲ್ಲಿ ಡೆಸ್ಮಂಡ್ ಇನ್ನೂ ನಿಂತಿದ್ದಾನೆ, ನನಗೆ ಜಾಗ ಬಿಟ್ಟು, ಹಲ್ಲು ಬಿಟ್ಟುಕೊಂಡು, ಮಿಸ್ ರೋವೀನಾ ಕೂಡ ಅಲ್ಲೇ ಇದ್ರು, ಕೇಳಿ ಬೇಕಾದ್ರೆ. ಕೇಳಿ ಬೇಕಾದರೆ. ಹೇಳಬೇಕೆನ್ನುವುದೂ ಒಂದು ಬಾಯಾರಿಕೆ, ಹೇಳಿದರೆ ಐರಿಸ್ ನನ್ನ ಮುಖ ನೋಡುವುದಿಲ್ಲ, ಹುಡುಗರು ನನ್ನ ಕಾರಿಗೆ ಉಗಿಯುತ್ತಾರೆ, ಈ ಹುಡುಗ, ಈ ಹುಡುಗ ಇನ್ನು ಮೇಲೆ ಯಾರ ಎದುರೂ ಹೀಗೆ ನಗುವುದಿಲ್ಲ, ಅದನ್ನು ಕಿತ್ತುಕೊಳ್ಳುವವಳು ನಾನೇ ಆಗಬೇಕಾ, ಅಮ್ಮ ಹೇಳಿ ಕಳಿಸಿದ್ದನ್ನು ಇವನು ಇಲ್ಲಿ ಬಂದು ಮರೆತಿದ್ದ, ವೆಂಡಲನಿಂದ ಮರೆತಿದ್ದ. ವೆಂಡಲ್ ಒಳ್ಳೇವ್ನು ಅಂದೆ, ಮೈಕು ನನ್ನ ದನಿಯನ್ನು ಗೋಡೆಗೆ ಬಡಿದು ವಾಪಸು ತಂದಿತು, ಚಪ್ಪಾಳೆ ಶುರುವಾಯಿತು, ತಡೀರಿ, ಸುಮ್ನಿರಿ, ವೆಂಡಲ್ ಒಳ್ಳೇವ್ನು, ಆವತ್ತು ಅವನು ಆಟ ಆಡ್ತಿರ್ಲಿಲ್ಲ, ಬೆರಳು ಮೊದಲು ಬಗ್ತು, ಢಂ ಅಂದಿದ್ದು ಆಮೇಲೆ, ಅವನ ಸೊಂಟದಲ್ಲಿದ್ದಿದ್ದು ಬಿಸ್ಕತ್ತು, ಅದಕ್ಕೇ ಈ ಹುಡುಗ ಇಲ್ಲಿ ನಿಂತ್ಕೊಂಡು ಕಥೆ ಹೇಳ್ತಿದಾನೆ. ಟ್ರಾಟ್‌ನ ಚಮಚ ನಿಂತಿದೆ, ವೆಂಡಲ್ ತಲೆ ಎತ್ತುವುದಿಲ್ಲ, ಅದೇ ಉತ್ತರ, ಎಲ್ಲರಿಗೂ ಗೊತ್ತಾಯಿತು, ಹುಡುಗನಿಗೆ ಇನ್ನೂ ಇಲ್ಲ, ಅವನು ನನ್ನನ್ನು ನೋಡುತ್ತಾನೆ, ವೆಂಡಲನನ್ನು ನೋಡುತ್ತಾನೆ, ನಗು ಹಾಗೇ ಇದೆ, ಇಳಿಯುತ್ತಿದೆ, ಅವನ ಕೈ, ಅವನಿಗೇ ಗೊತ್ತಿಲ್ಲದೆ, ಮೆಲ್ಲಗೆ ಮೇಲೇಳುತ್ತಿದೆ, ಚಮಚ, ಬಣ್ಣದ ಗಾಜಿನ ಬೆಳಕು ಅದರ ಮೇಲೆ, ನಗು ಹೋಯಿತು, ಚಮಚ ಮೂಗಿನ ಮೇಲೆ, ಕಣ್ಣು ವೆಂಡಲನ ಮೇಲೆ, ಮೂಗಿನ ಮೇಲೆ ಚಮಚ, ಚಮಚ —